ಆರು ಜನ, ಒಂದೊಂದು ತುತ್ತು: ಬಾರ್ಬೆಕ್ಯೂ ಸ್ಪರ್ಧೆಯಲ್ಲಿ ನನ್ನ ಅನುಭವ

ಮೊದಲ ಸ್ಪರ್ಧೆಯಲ್ಲಿ ನಮ್ಮ ರಿಬ್ಸ್‌ಗೆ, ಅಂದರೆ ಹಂದಿಯ ಪಕ್ಕೆಲುಬಿಗೆ, ಬಂದದ್ದು 148.5720 ಅಂಕ. 180ಕ್ಕೆ ಅಷ್ಟು ಬಂತಲ್ಲ, ಪರವಾಗಿಲ್ಲ ಅಂದುಕೊಂಡೆ. ಆಮೇಲೆ ಪಟ್ಟಿ ನೋಡಿದರೆ 42 ತಂಡಗಳಲ್ಲಿ ನಾವು 39ನೇ ಜಾಗದಲ್ಲಿದ್ದೆವು. ರುಚಿ ಕೆಟ್ಟಿರಲಿಲ್ಲ. ಜಡ್ಜ್‌ಗಳು ರುಚಿಗೆ 8 ಕೊಟ್ಟಿದ್ದರು, ನೋಟಕ್ಕೂ 8. ಮೃದುತ್ವಕ್ಕೆ ಮಾತ್ರ 6. ಜೊತೆಗೆ ಬಂದ ಕಾಮೆಂಟ್ ಕಾರ್ಡಿನಲ್ಲಿ ಒಂದೇ ಸಾಲು ಇತ್ತು: ಜಾಸ್ತಿ ಬೆಂದಿದೆ, ಕಚ್ಚಿದರೆ ಮಾಂಸ ಪೂರ್ತಿ ಎಲುಬಿನಿಂದ ಜಾರಿ ಬರುತ್ತದೆ.

ನಾನು ಮಂಗಳೂರಿನವನು. ನಮ್ಮ ಮನೆಯಲ್ಲಿ ಹಬ್ಬ ಅಂದರೆ ಹಂದಿ ಮಾಂಸ, ಬಾಫತ್ ಮಸಾಲೆ ಪುಡಿ, ವಿನೆಗರ್, ಜೊತೆಗೆ ಇಡ್ಲಿಯಂಥ ಸನ್ನಾಸ್. ಎಲುಬಿನಿಂದ ಮಾಂಸ ತಾನಾಗಿ ಬಿಟ್ಟುಕೊಂಡರೆ ಅಡುಗೆ ಚೆನ್ನಾಗಿ ಬಂದಿದೆ ಅಂತ ಅರ್ಥ. ಕಾರ್ಡಿನಲ್ಲಿ ಬರೆದದ್ದನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಇಷ್ಟೇ, "ಎಲುಬು ಬಿಡದಿದ್ದರೆ ಅದು ಬೆಂದದ್ದು ಹೇಗೆ ಪುತಾ?" ನನಗೂ ಆವತ್ತು ಉತ್ತರ ಗೊತ್ತಿರಲಿಲ್ಲ. ಗೊತ್ತಾಗುವುದಕ್ಕೆ ನಾನು ಮೇಜಿನ ಆ ಕಡೆ ಹೋಗಿ ಕೂರಬೇಕಾಯಿತು.

ನಾವು ಇರುವುದು ಅಮೆರಿಕದ ಕ್ಯಾನ್ಸಸ್ ಸಿಟಿ ಹತ್ತಿರ. ಈ ಊರಿನ ಅಮೆರಿಕನ್ ರಾಯಲ್ ಮೇಳದಲ್ಲಿ 1980ರಿಂದ ಬಾರ್ಬೆಕ್ಯೂ ಸ್ಪರ್ಧೆ ನಡೆಯುತ್ತಿದೆ. ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂ ಸೊಸೈಟಿ ಹುಟ್ಟಿದ್ದೂ ಇಲ್ಲೇ, 1985ರಲ್ಲಿ. ಎಲ್ಲರೂ ಅದನ್ನು ಕೆಸಿಬಿಎಸ್ ಅನ್ನುತ್ತಾರೆ. ದೇಶದ ಎಷ್ಟೋ ಸ್ಪರ್ಧೆಗಳು ಅದರ ನಿಯಮದಂತೆ ನಡೆಯುತ್ತವೆ. ನಾಲ್ಕು ಮಾಂಸ: ಕೋಳಿ, ರಿಬ್ಸ್, ಹಂದಿಯ ಭುಜದ ಮಾಂಸ, ದನದ ಎದೆಮಾಂಸ ಅಂದರೆ ಬ್ರಿಸ್ಕೆಟ್. ಕಟ್ಟಿಗೆ, ಇದ್ದಲು, ಮರದ ಪುಡಿ ಒತ್ತಿ ಮಾಡಿದ ಪೆಲೆಟ್, ಇಷ್ಟರಲ್ಲೇ ಬೇಯಿಸಬೇಕು. ಗ್ಯಾಸ್ ಮೇಲೆ ಬೇಯಿಸುವ ಹಾಗಿಲ್ಲ. ಮಾಂಸವನ್ನು ಅಲ್ಲಿಗೆ ಹಸಿಯಾಗಿಯೇ ತರಬೇಕು, ಮಸಾಲೆ ಹಚ್ಚಿ ತರುವ ಹಾಗಿಲ್ಲ. ಸ್ಪರ್ಧೆ ನಡೆಸುವವರು ಬಂದು ತಪಾಸಣೆ ಮಾಡಿದ ಮೇಲೆಯೇ ಕೈ ಹಾಕಬೇಕು.

ಆ ಸೋಲಿನ ಮುಂದಿನ ಚಳಿಗಾಲದಲ್ಲಿ ಜಡ್ಜ್ ತರಬೇತಿಗೆ ಸೇರಿದೆ. ಸ್ಪರ್ಧೆ ಮಾಡಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸಾವಿರಾರು ಡಾಲರ್ ಕೊಟ್ಟು ದೊಡ್ಡ ಸ್ಮೋಕರ್, ಅಂದರೆ ಹೊಗೆಯಲ್ಲಿ ಮಾಂಸ ಬೇಯಿಸುವ ಒಲೆ, ತರುವ ಮೊದಲು ಆ ಒಂದು ದಿನದ ತರಗತಿಗೆ ಹೋಗಿ, ಆಮೇಲೆ ನಾಲ್ಕೈದು ಸ್ಪರ್ಧೆಗಳಲ್ಲಿ ಸುಮ್ನೆ ಜಡ್ಜ್ ಆಗಿ ಕೂತು ತಿನ್ನಿ. ತರಗತಿಯ ಕೊನೆಯಲ್ಲಿ ಬಲಗೈ ಎತ್ತಿ ಪ್ರಮಾಣ ಮಾಡಿಸುತ್ತಾರೆ. ಪ್ರತಿ ಸ್ಪರ್ಧೆಯಲ್ಲೂ ತೀರ್ಪು ಶುರುವಾಗುವ ಮೊದಲು ಮತ್ತೆ ಅದೇ ಪ್ರಮಾಣ. ಮೊದಲ ಸಲ ಹೇಳುವಾಗ ನನಗೆ ನಿಜವಾಗಿಯೂ ಮೈ ಜುಂ ಅಂದಿತು. ರಾತ್ರಿಯಿಡೀ ನಿದ್ದೆಗೆಟ್ಟು ಬೆಂಕಿ ಕಾದವರ ಶ್ರಮ ನಮ್ಮ ಕೈಗೆ ಬರುತ್ತದಲ್ಲ.

ಒಂದು ಮೇಜಿಗೆ ಆರು ಜಡ್ಜ್‌ಗಳು. ಮಾಂಸ ಬರುವುದು ಒಂಬತ್ತು ಇಂಚಿನ ಬಿಳಿ ಫೋಮ್ ಡಬ್ಬದಲ್ಲಿ. ತಂಡಕ್ಕೆ ಕೊಟ್ಟ ನಂಬರನ್ನು ಮಧ್ಯದಲ್ಲೇ ಬದಲಾಯಿಸಿರುತ್ತಾರೆ, ಹಾಗಾಗಿ ಅದು ಯಾರ ಡಬ್ಬ ಅಂತ ಮೇಜಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮೇಜಿನ ಉಸ್ತುವಾರಿ ನೋಡುವ ಟೇಬಲ್ ಕ್ಯಾಪ್ಟನ್ ಮುಚ್ಚಳ ತೆಗೆದು ಒಬ್ಬೊಬ್ಬರಿಗೂ ತೋರಿಸುತ್ತಾರೆ. ತುಟಿ ಪಿಟಕ್ಕೆನ್ನದೆ ನೋಟಕ್ಕೆ ಅಂಕ ಬರೆಯಬೇಕು. ಆಮೇಲೆ ಡಬ್ಬ ಸುತ್ತು ಬರುತ್ತದೆ, ಒಂದೊಂದು ತುಂಡು ತಟ್ಟೆಗೆ ಹಾಕಿಕೊಳ್ಳುತ್ತೇವೆ. ರುಚಿಗೆ ಒಂದು ಅಂಕ, ಮೃದುತ್ವಕ್ಕೆ ಒಂದು. ಮಧ್ಯೆ ಬಾಯಿ ತೊಳೆಯಲು ನೀರು, ಉಪ್ಪು ಬಿಸ್ಕತ್ತು. ಅಂಕ 9ರಿಂದ 2ರವರೆಗೆ. 9 ಅಂದರೆ ಅತ್ಯುತ್ತಮ, 6 ಅಂದರೆ ಸಾಧಾರಣ, 2 ಅಂದರೆ ತಿನ್ನಲು ಆಗುವುದಿಲ್ಲ. 1 ಬರುವುದು ನಿಯಮ ಮುರಿದಾಗ ಮಾತ್ರ.

ಒಂದು ಡಬ್ಬವನ್ನು ಇನ್ನೊಂದರ ಜೊತೆ ಹೋಲಿಸುವ ಹಾಗಿಲ್ಲ. ನನಗೆ ಅತಿ ಕಷ್ಟವಾದದ್ದು ಇದೇ. ಮೊದಲನೆಯದಕ್ಕೆ 9 ಕೊಟ್ಟಿರುತ್ತೀರಿ, ಮೂರನೆಯದು ಅದಕ್ಕಿಂತ ಚೆನ್ನಾಗಿರುತ್ತದೆ. ಹಿಂದೆ ಹೋಗಿ ಮೊದಲನೆಯದನ್ನು ಇಳಿಸುವ ಹಾಗಿಲ್ಲ. ಎರಡಕ್ಕೂ 9, ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ಗೆಲುವು ನಿಂತಿರುವುದು ಇದರ ಮೇಲೆ. ಮೂರು ಅಂಕಗಳಿಗೂ ಒಂದೇ ತೂಕ ಇಲ್ಲ. ನೋಟದ ಅಂಕವನ್ನು 0.56ರಿಂದ ಗುಣಿಸುತ್ತಾರೆ, ರುಚಿಯನ್ನು 2.2972ರಿಂದ, ಮೃದುತ್ವವನ್ನು 1.1428ರಿಂದ. ಮೂರಕ್ಕೂ 9 ಬಂದರೆ ಒಬ್ಬ ಜಡ್ಜ್‌ನಿಂದ 36. ಆರು ಜನರಲ್ಲಿ ಅತಿ ಕಡಿಮೆ ಕೊಟ್ಟವರ ಅಂಕವನ್ನು ಬಿಟ್ಟು ಉಳಿದ ಐದನ್ನು ಕೂಡಿಸುತ್ತಾರೆ. ಐದು ಮೂವತ್ತಾರಲಿ 180. ರುಚಿಯಲ್ಲಿ ಒಂದು ಅಂಕ ಹೋದರೆ ನೋಟದಲ್ಲಿ ನಾಲ್ಕು ಅಂಕ ಹೋದಷ್ಟು ನಷ್ಟ ನೋಡಿ. ಆದರೂ ಎಷ್ಟೋ ತಂಡಗಳು ಡಬ್ಬದೊಳಗೆ ಪಾರ್ಸ್ಲಿ ಎಲೆ ಜೋಡಿಸುವುದಕ್ಕೆ ಗಂಟೆಗಟ್ಟಲೆ ಕಳೆಯುತ್ತವೆ. ನಾವೂ ಹಾಗೇ ಮಾಡಿದ್ದೆವು. ಎಲೆ ಹಾಕಲೇಬೇಕು ಅಂತ ನಿಯಮ ಕೂಡ ಇಲ್ಲ.

ಎಲ್ಲ ಜಡ್ಜ್‌ಗಳೂ ಎಲ್ಲದಕ್ಕೂ 8 ಕೊಟ್ಟರೆ 160 ಆಗುತ್ತದೆ. 8 ಅಂದರೆ ತುಂಬಾ ಚೆನ್ನಾಗಿದೆ ಅಂತ. ತುಂಬಾ ಚೆನ್ನಾಗಿರುವ ಮಾಂಸಕ್ಕೆ ಬಹುಮಾನ ಬರುವುದಿಲ್ಲ. ನಾನು ಕಂಡ ಮಟ್ಟಿಗೆ 170 ದಾಟದೆ ವೇದಿಕೆಗೆ ಕರೆಯುವುದೇ ಇಲ್ಲ. ಆರು ಜನರಲ್ಲಿ ಒಬ್ಬರಿಗೆ ಇಷ್ಟವಾಗದಿದ್ದರೆ ತೊಂದರೆ ಇಲ್ಲ, ಆ ಅಂಕ ಬಿಟ್ಟುಹೋಗುತ್ತದೆ. ಇಬ್ಬರಿಗೆ ಇಷ್ಟವಾಗದಿದ್ದರೆ ಮುಗಿಯಿತು. ನಾನು ಬಾಫತ್ ಪುಡಿ ಸೇರಿಸಿದ್ದ ರಬ್ಬನ್ನು, ಅಂದರೆ ಮಾಂಸಕ್ಕೆ ಹಚ್ಚುವ ಒಣ ಮಸಾಲೆಯನ್ನು, ಬಿಟ್ಟದ್ದು ಈ ಕಾರಣಕ್ಕೆ. ಮೂವರಿಗೆ ಅದು ತುಂಬಾ ಹಿಡಿಸಿತ್ತು, ಇಬ್ಬರಿಗೆ ಲವಂಗ, ಮೆಣಸು ಜಾಸ್ತಿ ಅನ್ನಿಸಿತ್ತು. ಬಿಡುವಾಗ ಬೇಜಾರಾಯಿತು. ಮನೆಯ ರುಚಿ ಅಲ್ವಾ. ಈಗ ಸ್ಪರ್ಧೆಗೆ ಸಿಹಿ, ಉಪ್ಪು, ಹುಳಿ, ಕೊನೆಗೆ ಸ್ವಲ್ಪವೇ ಖಾರ, ಅಷ್ಟೇ ಇಟ್ಟುಕೊಂಡಿದ್ದೇನೆ. ಮೇಜಿಗೆ ಕೂತವನು ನಾಲ್ಕು ಸುತ್ತಿನಲ್ಲಿ ಹತ್ತಿರ ಹತ್ತಿರ 24 ತುಂಡು ರುಚಿ ನೋಡುತ್ತಾನೆ. ಅವನಿಗೆ ನಿಮ್ಮ ಮಾಂಸದಿಂದ ಸಿಗುವುದು ಒಂದೋ ಎರಡೋ ತುತ್ತು. ಆ ಮೊದಲ ತುತ್ತಿನಲ್ಲೇ ಎಲ್ಲ ಸಿಗಬೇಕು. ಊಟಕ್ಕೆ ಮಾಡುವ ಅಡುಗೆಯಲ್ಲಿ ಅಷ್ಟು ಸಿಹಿ, ಅಷ್ಟು ಉಪ್ಪು ಹಾಕಿದರೆ ಒಂದು ತಟ್ಟೆ ತಿನ್ನಲು ಆಗುವುದಿಲ್ಲ.

ಇನ್ನು ಅಮ್ಮನ ಪ್ರಶ್ನೆ. ರಿಬ್ಸ್ ಸರಿಯಾಗಿ ಬೆಂದಿದ್ದರೆ ಕಚ್ಚಿದ ಜಾಗದ ಮಾಂಸ ಮಾತ್ರ ಬರಬೇಕು, ಅಕ್ಕಪಕ್ಕದ್ದು ಎಲುಬಿಗೆ ಅಂಟಿಕೊಂಡೇ ಇರಬೇಕು. ಹಲ್ಲಿನ ಗುರುತು ಅರ್ಧಚಂದ್ರದ ಹಾಗೆ ಕಾಣಬೇಕು. ಕಚ್ಚಿದ ಜಾಗದ ಎಲುಬು ಸ್ವಲ್ಪ ಹೊತ್ತಿನಲ್ಲೇ ಒಣಗಿ ಬೆಳ್ಳಗಾಗಬೇಕು. ಮೇಜಿನಲ್ಲಿ ಕೂತು ನಲವತ್ತು ಐವತ್ತು ತಂಡಗಳ ರಿಬ್ಸ್ ಕಚ್ಚಿದ ಮೇಲೆಯೇ ನನ್ನ ಹಲ್ಲಿಗೆ ಇದು ತಿಳಿದದ್ದು. ಮನೆಗೆ ಬಂದು ಅದೇ ಹದಕ್ಕಾಗಿ ಒಂದು ಇಡೀ ಬೇಸಿಗೆ ಬೇಯಿಸಿದೆ. ಈಗ 275 ಫ್ಯಾರನ್‌ಹೀಟ್‌ನಲ್ಲಿ, ಅಂದರೆ 135 ಸೆಲ್ಸಿಯಸ್‌ನಲ್ಲಿ, ಬಣ್ಣ ಬರುವವರೆಗೆ ಹೊಗೆ ಕೊಡುತ್ತೇನೆ, ಆಮೇಲೆ ಬೆಣ್ಣೆ, ಕಂದು ಸಕ್ಕರೆ ಹಾಕಿ ಫಾಯಿಲ್‌ನಲ್ಲಿ ಸುತ್ತುತ್ತೇನೆ. ಫಾಯಿಲ್‌ನಿಂದ ತೆಗೆಯುವ ಹೊತ್ತನ್ನು ಮಾತ್ರ ಗಡಿಯಾರ ನೋಡಿ ನಿರ್ಧರಿಸುವುದಿಲ್ಲ. ಹತ್ತು ನಿಮಿಷ ತಡವಾದರೂ ಮೊದಲ ವರ್ಷದ ತಪ್ಪೇ ಮತ್ತೆ ಆಗುತ್ತದೆ.

ಒಂದು ಸಲ ನನ್ನ ಮೇಜಿಗೆ ಬಂದ ಡಬ್ಬದಲ್ಲಿ ಆರು ರಿಬ್ಸ್ ಇದ್ದವು, ಆದರೆ ಎರಡರ ಮಧ್ಯೆ ಚಾಕು ಪೂರ್ತಿ ಇಳಿದಿರಲಿಲ್ಲ. ಒಬ್ಬರು ಎತ್ತಿದಾಗ ಎರಡೂ ಜೊತೆಗೆ ಬಂದವು. ಕೊನೆಯವರಿಗೆ ಏನೂ ಉಳಿಯಲಿಲ್ಲ, ಅವರು ಎಲ್ಲದಕ್ಕೂ 1 ಕೊಡಲೇಬೇಕಾಯಿತು. ಮಾಂಸ ತುಂಬಾ ಚೆನ್ನಾಗಿತ್ತು. ಆ ತಂಡ ಯಾವುದೋ, ಇಂದಿಗೂ ನೆನೆದರೆ ಸಂಕಟವಾಗುತ್ತದೆ. ಅಂದಿನಿಂದ ನಮ್ಮ ತಂಡದಲ್ಲಿ ಡಬ್ಬ ಮುಚ್ಚುವ ಮೊದಲು ಪ್ರತಿ ತುಂಡನ್ನೂ ಬೆರಳಿನಿಂದ ಅಲುಗಾಡಿಸಿ ನೋಡುತ್ತೇವೆ.

ಸಮಯದ ವಿಷಯದಲ್ಲೂ ಹಾಗೆಯೇ. ಕೋಳಿಯ ಡಬ್ಬ ಒಪ್ಪಿಸಬೇಕಾದ್ದು 12 ಗಂಟೆಗೆ, ರಿಬ್ಸ್ 12.30ಕ್ಕೆ, ಹಂದಿ ಭುಜ 1ಕ್ಕೆ, ಬ್ರಿಸ್ಕೆಟ್ 1.30ಕ್ಕೆ. ಹಿಂದೆ ಐದು ನಿಮಿಷ, ಮುಂದೆ ಐದು ನಿಮಿಷ, ಅಷ್ಟೇ ಬಿಡುವು. ಡಬ್ಬ ಹಿಡಿದು ಓಡುವ ಹಾಗೆ ಇಟ್ಟುಕೊಳ್ಳಬೇಡಿ. ನಾನು ನಡೆಯುವ ದಾರಿಯನ್ನು ಹಿಂದಿನ ದಿನವೇ ಗಡಿಯಾರ ಹಿಡಿದು ನಡೆದು ನೋಡುತ್ತೇನೆ.

ನಮಗೆ ಬಹುಮಾನ ತಂದದ್ದು ಹಂದಿಯ ಭುಜ. ಸುಮಾರು ನಾಲ್ಕು ಕಿಲೋದ ತುಂಡು, ರಾತ್ರಿ ಹನ್ನೊಂದಕ್ಕೆ ಬೆಂಕಿಗೆ ಹೋಗುತ್ತದೆ. ಹಿಕರಿ, ಚೆರ‍್ರಿ ಕಟ್ಟಿಗೆ. ಒಳಗಿನ ಶಾಖ 70 ಸೆಲ್ಸಿಯಸ್ ಹತ್ತಿರ ಬಂದು ಗಂಟೆಗಟ್ಟಲೆ ಅಲ್ಲೇ ನಿಂತುಬಿಡುತ್ತದೆ. ಮೊದಲ ವರ್ಷ ಗಾಬರಿಯಾಗಿ ಇದ್ದಲು ಸುರಿದಿದ್ದೆ. ಕಾರಣ ಸರಳ. ಮಣ್ಣಿನ ಹೂಜಿಯಲ್ಲಿ ನೀರು ಹೇಗೆ ತಣ್ಣಗಾಗುತ್ತದೋ ಹಾಗೆಯೇ ಮಾಂಸದ ಮೇಲಿನ ನೀರು ಆವಿಯಾಗುತ್ತಾ ಮಾಂಸವನ್ನು ತಣಿಸುತ್ತಿರುತ್ತದೆ. ಫಾಯಿಲ್ ಸುತ್ತಿದರೆ ಆವಿ ಹೊರಗೆ ಹೋಗುವುದಿಲ್ಲ, ಶಾಖ ಮತ್ತೆ ಏರುತ್ತದೆ. ಆದರೆ ಹೊರಗಿನ ಕಪ್ಪು ಪದರ ಗಟ್ಟಿಯಾಗುವ ಮೊದಲೇ ಸುತ್ತಿದರೆ ಅದು ಮೆತ್ತಗಾಗಿ ರುಚಿಯೇ ಹೋಗುತ್ತದೆ.

ಈ ಭುಜದ ಒಂದು ಮೂಲೆಯಲ್ಲಿ, ಎಲುಬಿನ ಎದುರು ಬದಿಗೆ, ಪಟ್ಟೆಪಟ್ಟೆಯಾಗಿ ಕೊಬ್ಬಿರುವ ಒಂದು ಸ್ನಾಯು ಇದೆ. ಸ್ಪರ್ಧೆಯವರು ಅದನ್ನು ಮನಿ ಮಸಲ್ ಅನ್ನುತ್ತಾರೆ. ಗೆಲ್ಲುವ ಡಬ್ಬಗಳಲ್ಲಿ ಹೆಚ್ಚಾಗಿ ಇದರ ಆರು ಬಿಲ್ಲೆ ಇದ್ದೇ ಇರುತ್ತವೆ. ಉಳಿದ ಭಾಗ ಎಳೆಎಳೆಯಾಗಿ ಬಿಡಲು 95 ಸೆಲ್ಸಿಯಸ್ ಬೇಕು, ಇದಕ್ಕೆ 90 ಸಾಕು, ಮೀರಿದರೆ ಬಿಲ್ಲೆ ಕತ್ತರಿಸುವಾಗಲೇ ಪುಡಿಯಾಗುತ್ತದೆ. ಹಾಗಾಗಿ ಎರಡು ಭುಜ ಬೇಯಿಸುತ್ತೇವೆ. ಒಂದನ್ನು ಬಿಲ್ಲೆಗೆಂದು ಬೇಗ ಇಳಿಸುತ್ತೇವೆ, ಇನ್ನೊಂದನ್ನು ಎಳೆಗೆಂದು ಬಿಡುತ್ತೇವೆ.

2022ರಲ್ಲಿ ಅದಕ್ಕೆ ಬಂದದ್ದು 176.0000, ಮೂರನೇ ಸ್ಥಾನ. ಇಬ್ಬರು ಎಲ್ಲದಕ್ಕೂ 9 ಕೊಟ್ಟಿದ್ದರು. ಒಬ್ಬರು ನೋಟದಲ್ಲಿ, ಒಬ್ಬರು ರುಚಿಯಲ್ಲಿ, ಒಬ್ಬರು ಮೃದುತ್ವದಲ್ಲಿ ಒಂದೊಂದು ಅಂಕ ಹಿಡಿದಿದ್ದರು. ಆರನೆಯವರು ಮೂರಕ್ಕೂ 8 ಕೊಟ್ಟಿದ್ದರು, ಅದು ಬಿಟ್ಟುಹೋಗಿತ್ತು. ಆ ಕಾಗದವನ್ನು ಇಟ್ಟುಕೊಂಡಿದ್ದೇನೆ.

ಬ್ರಿಸ್ಕೆಟ್ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಬಿಲ್ಲೆಯನ್ನು ಬೆರಳಿನ ಮೇಲೆ ಹಾಕಿದರೆ ಮುರಿಯದೆ ಬಾಗಬೇಕು, ಎರಡು ತುದಿ ಹಿಡಿದು ಮೆಲ್ಲಗೆ ಎಳೆದರೆ ಬಿಡಬೇಕು. ನಮ್ಮದು ಮೂರು ಸಲಕ್ಕೆ ಒಂದು ಸಲ ಹಾಗೆ ಬರುತ್ತದೆ. ಕತ್ತರಿಸಿದಾಗ ಅಂಚಿನಲ್ಲಿ ಕಾಣುವ ಗುಲಾಬಿ ಬಣ್ಣದ ಹೊಗೆ ಪಟ್ಟಿ ಬಗ್ಗೆ ನನ್ನ ಜೊತೆಗಾರ ತುಂಬಾ ತಲೆ ಕೆಡಿಸಿಕೊಳ್ಳುತ್ತಾನೆ. ಮಾಂಸ ಕೆಡದಂತೆ ಹಾಕುವ ನೈಟ್ರೈಟ್ ಉಪ್ಪು ಹಚ್ಚಿಯೂ ಅದನ್ನು ಬರಿಸಬಹುದು, ಆದ್ದರಿಂದ ಅದಕ್ಕೆ ಅಂಕ ಕೊಡಬೇಡಿ ಅಂತ ತರಗತಿಯಲ್ಲೇ ಹೇಳಿಕೊಟ್ಟಿದ್ದಾರೆ. ಅವನಿಗೆ ಎಷ್ಟು ಹೇಳಿದರೂ ಸಮಾಧಾನವಿಲ್ಲ. ಬರುವ ಚಳಿಗಾಲದ ತರಗತಿಗೆ ಅವನ ಹೆಸರನ್ನೂ ಬರೆಸಿದ್ದೇನೆ.