ಮೊದಲ ದಿನವೇ 80 ಬಂದಾಗ ಅನುಮಾನ ಬರಬೇಕಿತ್ತು

ಒಬ್ಬರು ಯಾವ ಚಿತ್ರ ನೋಡ್ತಿದ್ದಾರೆ ಅಂತ ಅವರ ಇಇಜಿ, ಅಂದ್ರೆ ತಲೆಯ ಮೇಲಿಂದ ಅಳೆದ ಮಿದುಳಿನ ವಿದ್ಯುತ್ ಅಲೆ, ನೋಡಿ ಹೇಳುವ ನ್ಯೂರಲ್ ನೆಟ್‌ವರ್ಕ್ (ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ) ಮಾಡೋಕೆ ಹೊರಟಿದ್ದೆ. ಇಇಜಿ ಟೋಪಿ ನನ್ನ ಹತ್ತಿರ ಇರಲಿಲ್ಲ. ಬೇರೆಯವರು ರೆಕಾರ್ಡ್ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟ ಡೇಟಾ ಇಳಿಸಿಕೊಂಡೆ: 6 ಜನ, 40 ಬಗೆಯ ಚಿತ್ರ, ಒಂದೊಂದಕ್ಕೆ ಅರ್ಧ ಸೆಕೆಂಡು. ಮೊದಲ ದಿನವೇ 80ಕ್ಕಿಂತ ಜಾಸ್ತಿ ಶೇಕಡಾ ಸರಿ ಬಂತು. ಖುಷಿಯಲ್ಲಿ ರಾತ್ರಿ ನಿದ್ದೆಯೇ ಬರಲಿಲ್ಲ.

ಆಮೇಲೆ ಸುಮ್ನೆ ಒಂದು ತಮಾಷೆ ಮಾಡಿದೆ. ಅಲೆಯ ಆಕಾರವನ್ನೆಲ್ಲ ಬಿಸಾಕಿ ಪ್ರತಿ ಚಾನೆಲ್‌ನ (ತಲೆಯ ಮೇಲಿನ ಒಂದೊಂದು ಅಳೆಯುವ ಬಿಂದುವಿನ) ಸರಾಸರಿ ಒಂದನ್ನೇ ಉಳಿಸಿಕೊಂಡು, ನೆಟ್‌ವರ್ಕ್ ಇಲ್ಲದೆ, ಯಾವುದು ಯಾವುದಕ್ಕೆ ಹತ್ತಿರ ಅಂತ ಮಾತ್ರ ನೋಡಿದೆ. ಆಗಲೂ ಉತ್ತರ ಸರಿಯಾಗೇ ಬರ್ತಿತ್ತು! ಸರಾಸರಿಯಲ್ಲಿ ನಾಯಿ ಯಾವುದು, ಪಿಯಾನೋ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅಲ್ವಾ?

ವಿಷಯ ಇಷ್ಟೇ. ಒಂದು ಬಗೆಯ ಚಿತ್ರಗಳನ್ನೆಲ್ಲ ಒಟ್ಟಿಗೆ, ಒಂದೇ ಸರದಿಯಲ್ಲಿ ತೋರಿಸಿದ್ದರು. ಹೊತ್ತು ಹೋದಂತೆ ಬೆವರು, ಟೋಪಿಗೆ ಹಚ್ಚುವ ಜೆಲ್, ಸುಸ್ತು ಎಲ್ಲ ಸೇರಿ ಸಿಗ್ನಲ್ ನಿಧಾನವಾಗಿ ಜಾರುತ್ತೆ. ಯಾವ ಹೊತ್ತಿನ ಸಿಗ್ನಲ್ ಅಂತ ಗೊತ್ತಾದರೆ ಯಾವ ಬಗೆಯ ಚಿತ್ರ ಅಂತಲೂ ಗೊತ್ತಾಗಿಬಿಡುತ್ತೆ. ನನ್ನ ಮಾಡೆಲ್ ಕಲಿತಿದ್ದು ಗಡಿಯಾರ ನೋಡೋದನ್ನು. ಪರ್ಡ್ಯೂ ವಿಶ್ವವಿದ್ಯಾಲಯದವರು ಈ ಎಡವಟ್ಟನ್ನು ಆಗಲೇ ಬಿಡಿಸಿ ಬರೆದಿದ್ದರು, ನಾನು ಓದದೆ ಶುರು ಮಾಡಿದ್ದೆ.

ಎರಡನೇ ಸಲ ಥಿಂಗ್ಸ್ ಇಇಜಿ2 ಅನ್ನೋ ಇನ್ನೊಂದು ಡೇಟಾ ತೆಗೆದುಕೊಂಡೆ. ಇದರಲ್ಲಿ 10 ಜನ. ಚಿತ್ರಗಳು ಕಲಸಿಕೊಂಡು, 200 ಮಿಲಿಸೆಕೆಂಡಿಗೆ ಒಂದರಂತೆ ಸರಸರ ಬರುತ್ತವೆ. ಕಲಿಯೋಕೆ 16,540 ಚಿತ್ರ. ಪರೀಕ್ಷೆಗೆ ಬೇರೆಯೇ 200, ಒಂದೊಂದನ್ನೂ 80 ಸಲ ತೋರಿಸಿದ್ದಾರೆ. ಚಿತ್ರವನ್ನೂ ಅದರ ವಿವರಣೆಯನ್ನೂ ಜೋಡಿಸಿ ಕಲಿತ ಕ್ಲಿಪ್ ಅನ್ನೋ ಮಾಡೆಲ್ ಇದೆ; ಅದು ಪ್ರತಿ ಚಿತ್ರಕ್ಕೆ ಕೊಡುವ ಅಂಕಿಗಳ ಜೊತೆ ಇಇಜಿಯನ್ನು ಹೊಂದಿಸಿ ಕಲಿಸಿದೆ. ಕಣ್ಣುಮುಚ್ಚಿ ಊಹಿಸಿದರೆ ಶೇಕಡಾ 0.5 ಬರಬೇಕು. ನನಗೆ ವಾರಗಟ್ಟಲೆ ಒದ್ದಾಡಿದ ಮೇಲೆ ಎರಡಂಕಿ ಮುಟ್ಟಿತು, ಅದೂ 80 ಸಲದ ಸರಾಸರಿ ಕೊಟ್ಟಾಗ. ಒಂದೇ ಸಲದ ಸಿಗ್ನಲ್ ಕೊಟ್ಟರೆ ಗೊಣಗಾಟ ಅಷ್ಟೇ.

ಆದರೂ ಈ ಸಣ್ಣ ಅಂಕಿಯನ್ನು ನಾನು ನಂಬ್ತೀನಿ. ತಲೆಯ ಹಿಂಭಾಗದ, ಅಂದ್ರೆ ನೋಟದ ಜಾಗದ ಚಾನೆಲ್‌ಗಳನ್ನು ಮಾತ್ರ ಇಟ್ಟರೂ ಅದು ಹೆಚ್ಚು ಇಳಿಯಲಿಲ್ಲ. ತಪ್ಪುಗಳಲ್ಲೂ ಅರ್ಥ ಇತ್ತು, ಬಾಳೆಹಣ್ಣು ತೋರಿಸಿದರೆ ಇನ್ನೇನೋ ತಿನ್ನುವ ಪದಾರ್ಥ ಹೇಳ್ತಿತ್ತು.

ಕೊನೆಗೆ ಆಸೆ ತಡೆಯದೆ ಚಿತ್ರ ಬಿಡಿಸುವ ಸ್ಟೇಬಲ್ ಡಿಫ್ಯೂಷನ್ ಕೂಡ ಜೋಡಿಸಿದೆ. ಚಂದದ ಚಿತ್ರಗಳು ಬಂದವು. ಇಇಜಿ ತೆಗೆದು ಬರೀ ನಾಯ್ಸ್, ಅಂದ್ರೆ ಅರ್ಥವಿಲ್ಲದ ಅಂಕಿಗಳು, ಕೊಟ್ಟೆ. ಅಷ್ಟೇ ಚಂದದ ಚಿತ್ರಗಳು ಬಂದವು.