ಕೊಡಗಿನ ಮಳೆಯಲ್ಲಿ ಒಂದು ಪುಟ್ಟ ಹ್ಯಾಂಡಿಕ್ಯಾಮ್ ಬಾಳಿಸುವುದು

ಚೇರಂಬಾಣೆಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಕೆಳಕ್ಕೆ ಇಳಿದರೆ ನಮ್ಮ ತೋಟ. ಏಳು ಎಕರೆ ರೊಬಸ್ಟಾ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ತಗ್ಗಿನಲ್ಲಿ ಒಂದಿಷ್ಟು ಗದ್ದೆ. 2011ರಲ್ಲಿ ಮಗಳು ಸಂಬಳದಲ್ಲಿ ಉಳಿಸಿ ಸೋನಿಯ ಪುಟ್ಟ ಎಚ್‌ಡಿ ಹ್ಯಾಂಡಿಕ್ಯಾಮ್, ಅಂದರೆ ವಿಡಿಯೊ ಕ್ಯಾಮೆರಾ, ತಂದುಕೊಟ್ಟಳು. “ಅಜ್ಜಿ ಇರುವಾಗಲೇ ಅವರ ಮಾತೆಲ್ಲ ತೆಗೆದಿಡಮ್ಮ” ಅಂದಳು. ಆ ಕ್ಯಾಮೆರಾ ಇವತ್ತಿಗೂ ಓಡುತ್ತಿದೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ನೆರೆಮನೆಯವರು ಕೊಂಡದ್ದು ಎರಡನೆಯ ಮಳೆಗಾಲ ದಾಟಲಿಲ್ಲ. ಅವರದು ಬಟ್ಟೆಯ ಬೀರುವಿನಲ್ಲಿ, ಅದರದೇ ಚೀಲದೊಳಗೆ ಇತ್ತು. ನಮ್ಮದು ರಬ್ಬರ್ ಅಂಚಿನ ಬಿಗಿ ಡಬ್ಬಿಯಲ್ಲಿತ್ತು.

ಹಾಗಾಗಿ ಡಬ್ಬಿಯಿಂದಲೇ ಶುರುಮಾಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು, ಫೋಟೊ ಆಲ್ಬಮ್ಮಿಗೂ ಬೂಷ್ಟು. ಲೆನ್ಸಿನ ಗಾಜಿಗೂ ಅದು ಹಿಡಿಯುತ್ತದೆ. ಮೊದಲು ಜೇಡರ ಬಲೆಯಂಥ ಸಣ್ಣ ಎಳೆಗಳು, ಆಮೇಲೆ ಚಿತ್ರವೆಲ್ಲ ಹಾಲು ಚೆಲ್ಲಿದಂತೆ ಮಸುಕು. ಒಳಗಿನ ಗಾಜಿಗೆ ಹಿಡಿದರೆ ಬಿಚ್ಚಿ ತೊಳೆಯುವ ಖರ್ಚಿಗೆ ಹಳೆಯ ಕ್ಯಾಮೆರಾ ಇನ್ನೊಂದು ಬಂದೀತು. ಚರ್ಮದ ಚೀಲ, ಬಟ್ಟೆಯ ಚೀಲ ಎರಡೂ ತೇವ ಹೀರಿಕೊಂಡು ಕೂರುತ್ತವೆ, ಮಳೆಗಾಲದಲ್ಲಿ ಅವು ಬೇಡ. ಮುಚ್ಚಳಕ್ಕೆ ರಬ್ಬರ್ ಅಂಚಿರುವ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಒಂದು ಹಿಡಿ ನೀಲಿ ಸಿಲಿಕಾ ಜೆಲ್ ಹರಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಡಿ. ತೇವ ಕುಡಿದಾಗ ಹರಳು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಗ ಹಳೆಯದೊಂದು ತಗಡಿನ ತಟ್ಟೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ ಬಿಸಿಮಾಡಿ, ಮತ್ತೆ ನೀಲಿಯಾಗುತ್ತದೆ. ಈ ತಟ್ಟೆಯನ್ನು ಅಡುಗೆಗೆ ಮತ್ತೆ ಬಳಸಬೇಡಿ. ಆ ನೀಲಿ ಬಣ್ಣಕ್ಕೆ ಸಾಮಾನ್ಯವಾಗಿ ಸೇರಿಸುವುದು ಕೋಬಾಲ್ಟ್ ಕ್ಲೋರೈಡ್, ಅದು ವಿಷ. ಜುಲೈಯಲ್ಲಿ ನಾನು ಎಂಟು ದಿನಕ್ಕೊಮ್ಮೆ ಹರಳು ಕಾಯಿಸುತ್ತೇನೆ, ಜನವರಿಯಲ್ಲಿ ಅದರ ನೆನಪೂ ಬೇಕಿಲ್ಲ. ಕೆಲವರು ಅಕ್ಕಿಯೊಳಗೆ ಹೂತಿಡುತ್ತಾರೆ. ಅಕ್ಕಿಯ ಹಿಟ್ಟು ಬಟನ್ನಿನ ಸಂದಿಗೆ ಇಳಿಯುತ್ತದೆ, ಅದನ್ನು ಮಾಡಬೇಡಿ. ಮೆಣಸು, ಏಲಕ್ಕಿಯಂತೆ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೆಚ್ಚಗಿರುತ್ತದೆ ಎಂದು ನಮ್ಮ ಯಜಮಾನರು ಸೂಚಿಸಿದ್ದರು. ಬೆಚ್ಚಗಿರುವುದು ನಿಜ, ಆದರೆ ಹೊಗೆಯ ಜಿಡ್ಡು ಲೆನ್ಸಿಗೆ ಅಂಟಿದರೆ ಬಿಡುವುದಿಲ್ಲ.

ಡಬ್ಬಿಯೊಳಗೇ ಮಲಗಿಸಿಟ್ಟರೂ ಹಾಳೇ. ವಾರಕ್ಕೊಮ್ಮೆ ಹೊರಗೆ ತೆಗೆದು ಹತ್ತು ನಿಮಿಷ ಓಡಿಸಿ, ಝೂಮ್ ಹಿಂದೆ ಮುಂದೆ ಆಡಿಸಿ, ಬೆಳಕಿಗೆ ಹಿಡಿದು ಲೆನ್ಸ್ ನೋಡಿ. ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ಗಡಿಯಾರದ ಸಣ್ಣ ಬ್ಯಾಟರಿಯೂ ಇಳಿದು ತಾರೀಖು ತಪ್ಪುತ್ತದೆ. ಯಾವ ವರ್ಷದ ಹುತ್ತರಿ (ನಮ್ಮ ಸುಗ್ಗಿಯ ಹಬ್ಬ) ಎಂದು ಆಮೇಲೆ ಗೊತ್ತಾಗದೆ ಒದ್ದಾಡಬೇಕಾಗುತ್ತದೆ.

ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಗದ್ದೆಯಿಂದ ನೇರ ಅಡುಗೆಮನೆಗೆ ಬಂದರೆ ಕನ್ನಡಕಕ್ಕೆ ಆವಿ ಕಟ್ಟುವ ಹಾಗೆ ಕ್ಯಾಮೆರಾಕ್ಕೂ ಕಟ್ಟುತ್ತದೆ, ಒಳಗೂ ಕಟ್ಟುತ್ತದೆ. ಹೊರಗಿರುವಾಗಲೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ ಒಳಗೆ ತನ್ನಿ. ಮುಕ್ಕಾಲು ಗಂಟೆ ಬಿಟ್ಟರೆ ಆವಿ ಕವರಿನ ಹೊರಮೈಯಲ್ಲೇ ನಿಲ್ಲುತ್ತದೆ.

ಕರೆಂಟಿನ ಮಾತು. ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ನಮ್ಮಲ್ಲಿ ಮೂರು ದಿನ ಕತ್ತಲೆ. ಜೊತೆಗೆ ಬಂದ ಎಫ್‌ವಿ50 ಬ್ಯಾಟರಿ ಸಾಲದೆಂದು ದೊಡ್ಡದು, ಎಫ್‌ವಿ100, ಬೇರೆ ಕೊಂಡೆ. ಸ್ವಲ್ಪ ಭಾರ ಹೆಚ್ಚು, ಆದರೆ ಆ ಭಾರಕ್ಕೆ ಕೈ ನಡುಗುವುದೂ ಕಡಿಮೆಯಾಯಿತು. ಹಬ್ಬದ ಹಿಂದಿನ ದಿನ ಎರಡನ್ನೂ ತುಂಬಿಸಿಡಿ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಪೂರ್ತಿ ತುಂಬಿಸಿಯೂ ಇಡಬೇಡಿ, ಪೂರ್ತಿ ಬರಿದು ಮಾಡಿಯೂ ಇಡಬೇಡಿ, ಅರ್ಧ ಸಾಕು. ಚಳಿಯ ರಾತ್ರಿ ಬ್ಯಾಟರಿ ಬೇಗ ಇಳಿಯುತ್ತದೆ, ಎರಡನೆಯದು ಸ್ವೆಟರಿನ ಒಳಜೇಬಿನಲ್ಲಿರಲಿ.

ಕಾರ್ಡಿನ ಬಗ್ಗೆ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಈ ಕ್ಯಾಮೆರಾಗಳು ಬಳಸುವ ಎವಿಸಿಎಚ್‌ಡಿ ಎಂಬ ರೂಪವನ್ನು ಸೋನಿ ಮತ್ತು ಪ್ಯಾನಸೋನಿಕ್ ಸೇರಿ 2006ರಲ್ಲಿ ತಂದವು. ನನ್ನದರಲ್ಲಿ ಎಫ್‌ಎಕ್ಸ್ ಎಂಬ ಗುಣಮಟ್ಟಕ್ಕೆ ಸೆಕೆಂಡಿಗೆ 24 ಮೆಗಾಬಿಟ್, ಅಂದರೆ ಗಂಟೆಗೆ ಸುಮಾರು 11 ಜಿಬಿ. 32 ಜಿಬಿ ಕಾರ್ಡಿಗೆ ಹತ್ತಿರ ಹತ್ತಿರ ಮೂರು ಗಂಟೆ ಹಿಡಿಯುತ್ತದೆ. ಕೆಳಗಿನ ಎಫ್‌ಎಚ್‌ಗೆ 17. ಜಾಗ ಉಳಿಸಲು ಅದಕ್ಕಿಂತ ಕೆಳಗೆ ಇಳಿಯಬೇಡಿ. ಎಲೆ, ಮಳೆ, ಹರಿಯುವ ನೀರು ಇವೆಲ್ಲ ಕಡಿಮೆ ಮಟ್ಟದಲ್ಲಿ ಚೌಕಚೌಕವಾಗಿ ಒಡೆಯುತ್ತವೆ, ಕೊಡಗಿನಲ್ಲಿ ಕ್ಯಾಮೆರಾ ತಿರುಗಿಸಿದ ಕಡೆಯಲ್ಲೆಲ್ಲ ಇರುವುದು ಇವೇ ಮೂರು. ಹಳೆಯ ಕ್ಯಾಮೆರಾ ಆದರೆ 64 ಜಿಬಿ ಕಾರ್ಡು ಕೊಳ್ಳುವ ಮುನ್ನ ಅದು ಓದುತ್ತದೆಯೇ ನೋಡಿ. ಎಷ್ಟೋ ಹಳೆಯವು 32ಕ್ಕೇ ನಿಲ್ಲುತ್ತವೆ.

ಅಮೆರಿಕದಿಂದ ಯಾರಾದರೂ ತಂದುಕೊಟ್ಟ ಕ್ಯಾಮೆರಾ ಇದ್ದರೆ ಇದೊಂದು ತಿಳಿದಿರಲಿ. ಅಲ್ಲಿಯವು ಸೆಕೆಂಡಿಗೆ 60ರ ಲೆಕ್ಕದವು, ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣುಕುತ್ತದೆ. ಶಟರ್ ವೇಗ ಬದಲಿಸಲು ಬಂದರೆ ಸೆಕೆಂಡಿನ 1/100ಕ್ಕೆ ಇಡಿ, ಬಾರದಿದ್ದರೆ ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ.

ಇನ್ನು ತೆಗೆಯುವ ವಿಷಯ. ಫೋನಿರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಅರ್ಧ ಮಾತಿನಲ್ಲಿ ಇದಕ್ಕೆ ಕರೆ ಬರುವುದಿಲ್ಲ. ಐಮರದ (ಜಗಲಿಯ ಮರದ ಹಲಗೆ) ಮೇಲೆ ಇಟ್ಟು ಕೆಂಪು ಗುಂಡಿ ಒತ್ತಿ ನೀವು ಕೆಲಸಕ್ಕೆ ಕೂರಬಹುದು, ಒಂದೂವರೆ ಗಂಟೆ ಅದರ ಪಾಡಿಗೆ ಅದು ನೋಡುತ್ತಿರುತ್ತದೆ. ಮುಖದ ಮುಂದೆ ಫೋನ್ ಹಿಡಿದರೆ ನಮ್ಮ ಹಿರಿಯರು ನೆಟ್ಟಗಾಗಿ ಸುಮ್ಮನಾಗುತ್ತಾರೆ. ಹತ್ತು ನಿಮಿಷ ಕಳೆದರೆ ಮೂಲೆಯಲ್ಲಿ ಕೂತ ಇದನ್ನು ಮರೆತೇಬಿಡುತ್ತಾರೆ.

“ಮಾತಾಡಿ ಅತ್ತೆ” ಎಂದರೆ ಯಾರೂ ಮಾತಾಡುವುದಿಲ್ಲ. ಕೈಗೆ ಕೆಲಸ ಕೊಡಿ. ನಮ್ಮತ್ತೆ ಜುಲೈಯಲ್ಲಿ ಕಣಿಲೆ (ಎಳೆಬಿದಿರು) ಹೆಚ್ಚುತ್ತ ಕೂತಾಗ ಪಕ್ಕದಲ್ಲಿ ಕ್ಯಾಮೆರಾ ಇಟ್ಟೆ. ಎಷ್ಟು ದಿನ ನೆನೆಹಾಕಬೇಕು, ನೀರು ಯಾಕೆ ದಿನಾ ಚೆಲ್ಲಬೇಕು ಎಂದು ಶುರುವಾದದ್ದು ತಮ್ಮ ತವರಿನ ಹೊಳೆ ಉಕ್ಕಿದ ವರ್ಷಕ್ಕೆ ಹೋಯಿತು, ಅಲ್ಲಿಂದ ಮದುವೆಗೆ, ಮದುವೆಯಿಂದ ತೀರಿಹೋದ ಮೊದಲ ಮಗುವಿಗೆ. ಆ ಮಗುವಿನ ಸುದ್ದಿ ನಾನು ಸೊಸೆಯಾಗಿ ಬಂದು ಇಪ್ಪತ್ತೆಂಟು ವರ್ಷದಲ್ಲಿ ಕೇಳಿರಲಿಲ್ಲ. ಅರ್ಧ ಹೊತ್ತು ಚೌಕಟ್ಟಿನಲ್ಲಿರುವುದು ಅವರ ಕೈ ಮತ್ತು ಮೆಟ್ಟುಕತ್ತಿ ಮಾತ್ರ. ಮುಖ ತಪ್ಪಿದೆ ಎಂದು ಆಗ ಬೇಸರವಾಗಿತ್ತು. ಈಗ ಆ ಕೈಗಳನ್ನೇ ನೋಡುತ್ತೇನೆ.

ಅದಕ್ಕೇ ಹೇಳುವುದು, ಚಿತ್ರ ಕೊಂಚ ಕೆಟ್ಟರೂ ಸಹಿಸಬಹುದು, ಮಾತು ಕೇಳದಿದ್ದರೆ ಏನೂ ಉಳಿಯುವುದಿಲ್ಲ. ಝೂಮ್ ಮುಖವನ್ನು ಹತ್ತಿರ ತರುತ್ತದೆ, ದನಿಯನ್ನು ತರುವುದಿಲ್ಲ. ಮಾತಾಡುವವರಿಂದ ಒಂದು ಮಾರಿನೊಳಗೆ ಕ್ಯಾಮೆರಾ ಇರಲಿ. ಬಲಗೈಯ ಬಳೆ ತೆಗೆದಿಡಿ. ನನ್ನ ಮೊದಲ ವರ್ಷದ ವಿಡಿಯೊಗಳ ತುಂಬ ಬಳೆಯ ಸದ್ದೇ. ಮೈಕಿನ ಸಣ್ಣ ತೂತುಗಳು ಎಲ್ಲಿವೆ ಎಂದು ನೋಡಿಕೊಂಡು ಬೆರಳು ಅಲ್ಲಿಗೆ ಹೋಗದಂತೆ ಹಿಡಿಯಿರಿ. ಮಿಕ್ಸಿ, ಟಿವಿ ನಿಲ್ಲಿಸಿ. ಜಿಂಕ್ ಶೀಟಿನ ಮಾಡಿಗೆ ಮಳೆ ಬಡಿಯುವಾಗ ಮಾತು ತೆಗೆಯಲು ಹೋಗಬೇಡಿ. ಹೆಂಚಿನ ಮಾಡಿನ ಒಳಕೋಣೆ, ಹಾಸಿಗೆ ಬಟ್ಟೆ ಇರುವ ಕಡೆ, ಎಷ್ಟೋ ಮೇಲು. ಮಳೆಯ ಸದ್ದೇ ಬೇಕೆನಿಸಿದರೆ ಅದನ್ನು ಬೇರೆಯಾಗಿ ಎರಡು ನಿಮಿಷ ತೆಗೆಯಿರಿ. ದೂರದೂರಿನಲ್ಲಿರುವ ಮಕ್ಕಳು ಮೊದಲು ಕೇಳುವುದು ಅದನ್ನೇ. ಬೆಟ್ಟದ ಮೇಲೆ ಗಾಳಿಗೆ ಬೆನ್ನು ಕೊಟ್ಟು ನಿಂತು, ಮೈಕಿನ ಮೇಲೆ ತೆಳು ಸ್ಪಂಜಿನ ತುಂಡು ಅಂಟಿಸಿ.

ಹುತ್ತರಿ ರಾತ್ರಿಗೆ ಬೇರೆಯೇ ತಯಾರಿ ಬೇಕು. ಚಿಕ್ಕ ಕ್ಯಾಮೆರಾಗಳ ಸೆನ್ಸರ್ ಕಡಲೆಬೇಳೆಯಷ್ಟು. ಕತ್ತಲಲ್ಲಿ ಅವು ಬಲವಂತವಾಗಿ ಬೆಳಕು ಹೆಚ್ಚಿಸಿ ಚಿತ್ರದ ತುಂಬ ಮರಳು ಚೆಲ್ಲುತ್ತವೆ. ಫೋಕಸ್ ಹಿಂದೆ ಮುಂದೆ ಅಲೆದಾಡುತ್ತದೆ. ಗದ್ದೆಗೆ ಹೊರಡುವ ಮುನ್ನ ನೆಲ್ಲಕ್ಕಿಯ, ಅಂದರೆ ನಡುಮನೆಯ, ದೀಪದ ಹತ್ತಿರ, ಐದು ಬಗೆಯ ಎಲೆ ಸೇರಿಸಿ ‘ನೆರೆ’ ಎಂಬ ಕಟ್ಟು ಕಟ್ಟುವಾಗ, ಚೆನ್ನಾಗಿ ತೆಗೆದುಕೊಳ್ಳಿ. ಅಲ್ಲಿ ಬೆಳಕಿದೆ, ಮುಖಗಳಿವೆ. ಗದ್ದೆಯಲ್ಲಿ ಫೋಕಸ್ಸನ್ನು ಕೈಯಾರೆ ದೀಪ ಹಿಡಿದವರ ಮೇಲೆ ಇಟ್ಟು ಹಾಗೇ ಬಿಡಿ. ಪ್ರಖರ ಲೈಟು ಹಾಕಿ ಕತ್ತಲೆ ಓಡಿಸಬೇಡಿ, ಕದಿರು ಕೊಯ್ಯುವುದು ಕತ್ತಲಲ್ಲೇ ಚೆಂದ. ಮುಖ್ಯವಾದದ್ದು ಕೋವಿ. ಕದಿರು ಕೊಯ್ಯುವ ಹೊತ್ತಿಗೆ ಗುಂಡು ಹಾರುತ್ತದೆ. ಆ ಸದ್ದಿಗೆ ಕ್ಯಾಮೆರಾ ತಾನಾಗಿ ದನಿ ತಗ್ಗಿಸಿಕೊಂಡು ಮುಂದಿನ ಕೆಲವು ಕ್ಷಣ ಕಿವುಡಾಗುತ್ತದೆ, “ಪೊಲಿ ಪೊಲಿಯೇ ದೇವಾ” ಎಂದು ಎಲ್ಲರೂ ಕೂಗುವುದು ಆ ಕ್ಷಣಗಳಲ್ಲೇ. ಮೆನುವಿನಲ್ಲಿ ಮೈಕ್ ಮಟ್ಟವನ್ನು ಮೊದಲೇ ‘ಲೋ’ಗೆ ಇಳಿಸಿ, ಕೋವಿ ಹಿಡಿದವರಿಂದ ದೂರ, ಕೂಗುವವರ ನಡುವೆ ನಿಲ್ಲಿ.

ತೋಟದೊಳಗೆ ಮರದ ನೆರಳಿನಲ್ಲಿ ಎಲ್ಲರ ಮುಖವೂ ಹಸಿರಾಗಿ ಬರುತ್ತದೆ. ಬಿಳಿ ಪಂಚೆಯನ್ನೋ ಕಾಗದವನ್ನೋ ಅದೇ ನೆರಳಿನಲ್ಲಿ ಹಿಡಿದು ವೈಟ್ ಬ್ಯಾಲೆನ್ಸ್ ಸರಿಮಾಡಿಕೊಳ್ಳಿ. ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಅರಳುತ್ತದೆ, ಎರಡು ಮೂರು ದಿನದಲ್ಲಿ ಕಂದುತ್ತದೆ. ಮಳೆ ಬಿದ್ದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬ್ಯಾಟರಿ ತುಂಬಿಸಿಡಿ. ಎಂಟು ಗಂಟೆಯೊಳಗೆ ಹೋದರೆ ಬಿಳಿ ಹೂ ಬಿಸಿಲಿಗೆ ಸುಟ್ಟಂತೆ ಕಾಣುವುದಿಲ್ಲ. ಮಂಜಿನಲ್ಲೂ ಕೈಯಾರೆ ಫೋಕಸ್ಸೇ ಸರಿ. ಒಂದೊಂದು ನೋಟವನ್ನು ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಅಲುಗಾಡದೆ ಹಿಡಿಯಿರಿ, ಮೊಣಕೈ ಪಕ್ಕೆಲುಬಿಗೆ ಒತ್ತಿರಲಿ.

ಈಗ ನನಗೆ ಬರೆಯಲು ಕಷ್ಟವಾಗುವ ಭಾಗ. 2012ರ ಹುತ್ತರಿಗೆ ಅತ್ತೆ ಪೂಜೆಯ ಕ್ರಮವನ್ನೆಲ್ಲ ಸ್ವತಃ ವಿವರಿಸಿದ್ದರು, ನಲವತ್ತು ನಿಮಿಷ. ಟಿವಿಯಲ್ಲಿ ನೋಡಲು ಡಿವಿಡಿ ಮಾಡಿಸೋಣವೆಂದು ಪೇಟೆಯ ಒಂದು ಅಂಗಡಿಗೆ ಕಾರ್ಡನ್ನೇ ಕೊಟ್ಟೆ. ಅವರು ಡಿವಿಡಿ ಮಾಡಿ, ಕಾರ್ಡು ‘ಕ್ಲೀನ್’ ಮಾಡಿ, ಅಂದರೆ ಫಾರ್ಮ್ಯಾಟ್ ಮಾಡಿ ಎಲ್ಲ ಅಳಿಸಿ, ಹಿಂದಿರುಗಿಸಿದರು. ನಮ್ಮ ಕಡೆಯ ಡಿವಿಡಿಯ ಚಿತ್ರ 720ಕ್ಕೆ 576 ಚುಕ್ಕಿ, ಮೂಲದ್ದು 1920ಕ್ಕೆ 1080. ಲೆಕ್ಕ ಹಾಕಿದರೆ ಐದರಲ್ಲಿ ನಾಲ್ಕು ಪಾಲು ಹೋಯಿತು. ಫಾರ್ಮ್ಯಾಟ್ ಆದ ಕಾರ್ಡಿನ ಮೇಲೆ ಹೊಸದೇನೂ ತೆಗೆಯದಿದ್ದರೆ ಫೋಟೊರೆಕ್‌ನಂಥ ಉಚಿತ ತಂತ್ರಾಂಶದಿಂದ ಹಳೆಯದನ್ನು ಮರಳಿ ಪಡೆಯುವ ದಾರಿ ಇರುತ್ತದೆ. ನನಗದು ತಿಳಿಯುವಷ್ಟರಲ್ಲಿ ಅದೇ ಕಾರ್ಡಿನಲ್ಲಿ ಒಂದು ಮದುವೆ ತೆಗೆದಾಗಿತ್ತು. 2013ರ ಮಳೆಗಾಲದಲ್ಲಿ ಅತ್ತೆ ಹೋದರು.

ಆದ್ದರಿಂದ ಮೂಲ ಕಾರ್ಡನ್ನು ಯಾರ ಕೈಗೂ ಕೊಡಬೇಡಿ, ಪೆನ್‌ಡ್ರೈವಿಗೆ ನಕಲು ಮಾಡಿ ಕೊಡಿ. ಕಂಪ್ಯೂಟರಿಗೆ ಹಾಕುವಾಗ ಎಂಟಿಎಸ್ ಎಂಬ ಕಡತಗಳನ್ನಷ್ಟೇ ಹೆಕ್ಕಬೇಡಿ. ಉದ್ದದ ಚಿತ್ರೀಕರಣವನ್ನು ಕ್ಯಾಮೆರಾ 2 ಅಥವಾ 4 ಜಿಬಿಗೊಮ್ಮೆ ತುಂಡು ಮಾಡಿರುತ್ತದೆ, ತುಂಡುಗಳನ್ನು ಜೋಡಿಸುವ ವಿವರ ಅಕ್ಕಪಕ್ಕದ ಫೋಲ್ಡರುಗಳಲ್ಲಿರುತ್ತದೆ. ಇಡೀ ಕಾರ್ಡನ್ನು ಹಾಗೆಯೇ ಒಂದು ಫೋಲ್ಡರಿಗೆ ಇಳಿಸಿ, “2019-03 ಕಾಫಿ ಹೂ, ಕೆಳತೋಟ” ಎಂದು ಹೆಸರು ಕೊಡಿ. ಎರಡು ಹಾರ್ಡ್‌ಡಿಸ್ಕಿಗೆ ಹಾಕಿ, ಎರಡರಲ್ಲೂ ತೆರೆದು ನೋಡಿ, ಆಮೇಲಷ್ಟೇ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಕಂಪ್ಯೂಟರಿನಲ್ಲಿ ವಿಡಿಯೊ ನೋಡುವ ವಿಎಲ್‌ಸಿ ತಂತ್ರಾಂಶದಲ್ಲಿ ಕೋಲಾಟದ ಕೋಲುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಕಂಡರೆ ಗಾಬರಿ ಬೇಡ, ‘ಡೀಇಂಟರ್‌ಲೇಸ್’ ಹಾಕಿದರೆ ಸರಿಹೋಗುತ್ತದೆ.

ಎರಡನೆಯ ಹಾರ್ಡ್‌ಡಿಸ್ಕ್ ನಿಮ್ಮ ಮನೆಯಲ್ಲಿರಬಾರದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಜನ ಉಟ್ಟ ಬಟ್ಟೆಯಲ್ಲಿ ಓಡಿ ಬಂದರು. ಪರಿಹಾರ ಕೇಂದ್ರಕ್ಕೆ ಅಕ್ಕಿ ಕೊಡಲು ಹೋದಾಗ ಒಬ್ಬ ಹೆಂಗಸು ನನ್ನ ಹತ್ತಿರ ಹೇಳಿಕೊಂಡು ಅತ್ತದ್ದು ಅವ್ವನ ಒಂದೇ ಒಂದು ಫೋಟೊಕ್ಕಾಗಿ. ಆ ವಾರವೇ ನಮ್ಮದೊಂದು ಡಿಸ್ಕ್ ಮೈಸೂರಿನ ಮಗಳ ಮನೆಗೆ ಹೋಯಿತು. ಪ್ರತಿ ಹುತ್ತರಿಗೆ ಅವಳು ತರುತ್ತಾಳೆ, ಹೊಸದನ್ನು ತುಂಬಿಸಿ ಕಳಿಸುತ್ತೇನೆ.

ಆ ರಾತ್ರಿ ಎಲ್ಲರೂ ಸೇರಿ ಟಿವಿಯಲ್ಲಿ ಹಳೆಯದನ್ನು ನೋಡುತ್ತೇವೆ. ಮೊದಲು ಕಣಿಲೆಯದ್ದೇ ಹಾಕಬೇಕೆಂದು ಮೊಮ್ಮಗನ ಹಟ, ಮುತ್ತಜ್ಜಿ ಮೆಟ್ಟುಕತ್ತಿ ಒರೆಸುವ ಜಾಗ ಬಂದಾಗ ತಾನೂ ಹಾಗೇ ಒರೆಸಿ ತೋರಿಸುತ್ತಾನೆ. ಕ್ಯಾಮೆರಾದಿಂದ ನೇರ ಟಿವಿಗೆ ಹಾಕುವುದಾದರೆ ಕೇಬಲ್ಲಿನ ಒಂದು ತುದಿ ಮಿನಿ ಎಚ್‌ಡಿಎಂಐಯೋ ಮೈಕ್ರೊವೋ ಎಂದು ಅಂಗಡಿಗೆ ಹೋಗುವ ಮುನ್ನವೇ ನೋಡಿಕೊಳ್ಳಿ, ಕ್ಯಾಮೆರಾವನ್ನೇ ಕೈಯಲ್ಲಿ ಹಿಡಿದುಕೊಂಡು ಹೋದರೆ ಇನ್ನೂ ಒಳ್ಳೆಯದು.