ಬೀಜ ಹುರಿಯುವ ಹದ: ನನ್ನ ಅನುಭವ

ಎಂಟು ವರ್ಷಗಳ ಹಿಂದೆ ತಂಗಿಯ ಮಗಳ ಬಾಣಂತನಕ್ಕೆಂದು ಅಂಟಿನ ಉಂಡೆ ಕಟ್ಟುವಾಗ, ಕೆಲಸ ಬೇಗ ಮುಗಿಯಲೆಂದು ಶೇಂಗಾ, ಬಾದಾಮಿ, ಗೋಡಂಬಿ, ಆಕ್ರೋಟು ನಾಲ್ಕನ್ನೂ ಒಂದೇ ಬಾಣಲೆಗೆ ಸುರಿದು ಹುರಿದೆ. ಗೋಡಂಬಿಯ ಅಂಚು ಕಪ್ಪಾಯಿತು, ಆಕ್ರೋಟು ಕಹಿಯಾಯಿತು, ಬಾದಾಮಿ ಮೇಲೆ ಬಿಸಿಯಾಗಿ ಒಳಗೆ ಇದ್ದಂತೆಯೇ ಉಳಿಯಿತು, ಶೇಂಗಾವಂತೂ ಹಸಿ ವಾಸನೆಯನ್ನೇ ಬಿಡಲಿಲ್ಲ. ಬಾಣಂತಿ ಎರಡು ದಿನ ಮಾತಾಡದೆ ತಿಂದು, ಮೂರನೆಯ ದಿನ ‘ದೊಡ್ಡಮ್ಮ, ಉಂಡೆಗೆ ಮೆಂತ್ಯ ಜಾಸ್ತಿ ಬಿತ್ತಾ?’ ಎಂದು ಕೇಳಿದಳು. ಆ ಉಂಡೆಗೆ ನಾನು ಒಂದು ಕಾಳು ಮೆಂತ್ಯವನ್ನೂ ಹಾಕಿರಲಿಲ್ಲ.

ಅಂದಿನಿಂದ ಒಂದೊಂದು ಬೀಜವನ್ನೂ ಬೇರೆಯಾಗಿಯೇ ಹುರಿಯುತ್ತಿದ್ದೇನೆ. ನನ್ನ ತವರು ಚಳ್ಳಕೆರೆ. ಎಣ್ಣೆ ಗಿರಣಿಗಳಿಂದಾಗಿ ‘ಎಣ್ಣೆ ನಗರ’ ಎಂದೇ ಹೆಸರಾದ ಊರು. ಹಾಗಾಗಿ ಶೇಂಗಾ ಹುರಿಯುವುದು ನನಗೆ ಹುಟ್ಟಿನಿಂದಲೇ ಬಂದ ವಿದ್ಯೆ ಎಂಬ ಗರ್ವವಿತ್ತು. ಮದುವೆಯಾಗಿ ಮಂಗಳೂರಿಗೆ ಬಂದ ಮೇಲೆ ಅದೇ ಕಾಳಿಗೆ ನೆಲಗಡಲೆ, ಗೋಡಂಬಿಗೆ ಗೇರುಬೀಜ ಎಂಬ ಹೆಸರುಗಳನ್ನು ಕಲಿತೆ. ಗರ್ವ ಇಳಿಯುವುದಕ್ಕೆ ಮಾತ್ರ ಆ ಉಂಡೆಯೇ ಬೇಕಾಯಿತು.

ಶೇಂಗಾದ ವಿಷಯದಲ್ಲಿ ಒಲೆ ಹಚ್ಚುವುದಕ್ಕಿಂತ ಮುಂಚಿನ ಕೆಲಸವೇ ಮುಖ್ಯ. ಮೊರದಲ್ಲಿ ಹರಡಿ, ಮುರುಟಿದ, ಕಪ್ಪಾದ, ಬೂಷ್ಟು ಹಿಡಿದ ಕಾಳುಗಳನ್ನೆಲ್ಲ ಆರಿಸಿ ಎಸೆಯುತ್ತೇನೆ. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದ ಮಾತ್ರಕ್ಕೆ ಪೂರ್ತಿ ನಾಶವಾಗುವುದಿಲ್ಲವಾದ್ದರಿಂದ, ‘ಬೆಂಕಿಗೆ ಬಿದ್ದರೆ ಎಲ್ಲ ಸರಿಹೋಗುತ್ತದೆ’ ಎಂಬ ಹಳೆಯ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಆರಿಸಿದ ಅರ್ಧ ಕಿಲೋ ಕಾಳಿಗೆ ಎರಡು ಚಮಚ ಉಪ್ಪುನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯಲು ತೊಡಗುತ್ತೇನೆ. ಅರ್ಧ ಕಿಲೋಗಿಂತ ಹೆಚ್ಚು ಹಾಕಿದರೆ ಸಟ್ಟುಗ ಎಷ್ಟು ಆಡಿಸಿದರೂ ತಳದ ಕಾಳು ಮೇಲೆ ಬರುವುದರೊಳಗೆ ಸೀದಿರುತ್ತದೆ.

ಮೊದಲ ಐದಾರು ನಿಮಿಷ ಏನೂ ಆಗುತ್ತಿಲ್ಲವೆಂದೇ ತೋರುತ್ತದೆ. ಉರಿ ಏರಿಸಲು ಕೈ ತುರಿಸುವುದು ಆಗಲೇ. ಆ ಹೊತ್ತಿನಲ್ಲಿ ಕಾಳಿನೊಳಗಿನ ತೇವ ಹೊರಹೋಗುತ್ತಿರುತ್ತದೆ, ಅದು ಹೋಗದೆ ಕಾಳು ಕೆಂಪಾಗುವುದಿಲ್ಲ. ತೇವ ಆರಿ ಬಿಸಿ 140 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಏರಿದ ಮೇಲೆಯೇ ಬೀಜದ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಚುರುಕಾಗಿ ಕೂಡಿ ಆ ಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. ಫ್ರಾನ್ಸಿನ ಲೂಯಿ ಕಮಿಲ್ ಮಯ್ಯಾರ್ ಎಂಬ ವಿಜ್ಞಾನಿ 1912ರಲ್ಲಿ ವಿವರಿಸಿದ ಈ ಕ್ರಿಯೆಯೇ ರೊಟ್ಟಿಯ ಚುಕ್ಕೆಗೂ ಕಾಫಿಬೀಜದ ಘಮಕ್ಕೂ ಕಾರಣ. ಉರಿ ಏರಿಸಿದರೆ ಈ ಕ್ರಿಯೆ ಸಿಪ್ಪೆಯ ಕೆಳಗಿನ ಪದರದಲ್ಲಿ ಮಾತ್ರ ನಡೆದು ನಡುಭಾಗ ಹಸಿಯಾಗಿಯೇ ಉಳಿಯುತ್ತದೆ.

ಬಳಿಕ ಸಿಪ್ಪೆ ಬಿರಿಯುವ ಚಟಪಟ ಸದ್ದು ಶುರುವಾಗುತ್ತದೆ. ನಾನು ಬಣ್ಣಕ್ಕಿಂತ ಈ ಸದ್ದನ್ನೇ ಹೆಚ್ಚು ನಂಬುತ್ತೇನೆ. ಸದ್ದು ಜೋರಾಗಿ, ಮತ್ತೆ ವಿರಳವಾದಾಗ, ಅಂದರೆ ಸುಮಾರು ಹದಿನೈದರಿಂದ ಹದಿನೆಂಟನೆಯ ನಿಮಿಷದ ಹೊತ್ತಿಗೆ, ಒಂದು ಕಾಳನ್ನು ತೆಗೆದು ಬೆರಳುಗಳ ನಡುವೆ ಉಜ್ಜುತ್ತೇನೆ. ಸಿಪ್ಪೆ ಪುಡಿಯಾಗಿ ಉದುರಬೇಕು, ಬೇಳೆ ಎರಡಾಗಿ ಬಿಡಬೇಕು, ಒಳಗಿನ ಬಿಳುಪು ಹೋಗಿ ತೇಯ್ದ ಗಂಧದ ಬಣ್ಣ ಬಂದಿರಬೇಕು. ಬಾಯಿಗೆ ಹಾಕಿದರೆ ಅದು ಇನ್ನೂ ಮೆತ್ತಗೇ ಇರುತ್ತದೆ, ಗರಿಗರಿಯಾಗುವುದು ಆರಿದ ಮೇಲೆ. ಹೊಸಬರು ಎಡವುವುದು ಇಲ್ಲಿಯೇ. ಮೆತ್ತಗಿದೆಯೆಂದು ಇನ್ನೂ ಐದು ನಿಮಿಷ ಹುರಿದರೆ ಆರಿದ ಮೇಲೆ ಕೈಗೆ ಸಿಗುವುದು ಇದ್ದಿಲು.

ಒಲೆ ಆರಿಸಿ ಬಾಣಲೆಯಲ್ಲೇ ಬಿಡುವುದೂ ಅಷ್ಟೇ ದೊಡ್ಡ ತಪ್ಪು. ಕಬ್ಬಿಣದ ಕಾವು ಬೇಗ ಇಳಿಯುವುದಿಲ್ಲ, ಎಣ್ಣೆಯ ಅಂಶ ತುಂಬಿರುವ ಬೀಜವೂ ತನ್ನೊಳಗಿನ ಬಿಸಿಯನ್ನು ಬೇಗ ಬಿಡುವುದಿಲ್ಲ. ಆದ್ದರಿಂದ ಬೇಕಾದ ಬಣ್ಣಕ್ಕೆ ಒಂದು ಹೆಜ್ಜೆ ಹಿಂದಿರುವಾಗಲೇ ಅಗಲವಾದ ತಣ್ಣನೆಯ ಸ್ಟೀಲ್ ತಟ್ಟೆಗೆ ಸುರಿದು ಹರಡುತ್ತೇನೆ. ಉಳಿದ ಬಣ್ಣ ತಟ್ಟೆಯಲ್ಲಿ ತಾನಾಗಿ ಬರುತ್ತದೆ.

ಬೀದಿಯವರು ಮರಳಿನಲ್ಲಿ ಹುರಿದ ಶೇಂಗಾದ ರುಚಿ ಬೇಕೆಂದು ಕೆಲವೊಮ್ಮೆ ಕಲ್ಲುಪ್ಪನ್ನು ಕಾಯಿಸಿ ಅದರೊಳಗೆ ಹುರಿಯುವುದುಂಟು. ಬಿಸಿ ಉಪ್ಪು ಕಾಳನ್ನು ಎಲ್ಲ ಕಡೆಯಿಂದಲೂ ಸುತ್ತುವರಿಯುವುದರಿಂದ ಹದ ಬಹಳ ಸಮವಾಗಿ ಬರುತ್ತದೆ. ಜರಡಿ ಹಿಡಿದು ಉಪ್ಪನ್ನು ಬೇರ್ಪಡಿಸಿ, ಮುಂದಿನ ಸಲಕ್ಕೆಂದು ಪ್ರತ್ಯೇಕ ಡಬ್ಬಿಯಲ್ಲಿ ಇಡುತ್ತೇನೆ. ಮೈಕ್ರೋವೇವ್‌ನಲ್ಲಿಯೂ ಒಮ್ಮೆ ಪ್ರಯತ್ನಿಸಿದೆ. ಕಾಳು ಹೊರಗೆ ಬೆಳ್ಳಗಿದ್ದು ಒಳಗೆ ಸೀದಿತ್ತು. ಮತ್ತೆ ಆ ಗೊಡವೆಗೆ ಹೋಗಿಲ್ಲ.

ಬಾದಾಮಿಯ ಕಷ್ಟವೆಂದರೆ ಅದರ ಸಿಪ್ಪೆ ಮೊದಲೇ ಕಂದು, ಹೊರಗಿನಿಂದ ನೋಡಿ ಹದ ತಿಳಿಯುವುದಿಲ್ಲ. ಬೀಜ ದಪ್ಪವಾದ್ದರಿಂದ ಬಾಣಲೆಗಿಂತ ಓವನ್ನೇ ಇದಕ್ಕೆ ಸರಿ ಎಂದು ನನ್ನ ಅಭಿಪ್ರಾಯ. ಮೊದಲೇ 160 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿ, ಟ್ರೇ ಮೇಲೆ ಒಂದೇ ಪದರವಾಗಿ ಹರಡಿ, ನಡುವೆ ಒಮ್ಮೆ ಕದಡಿ, ಹನ್ನೆರಡು ನಿಮಿಷ ಇಡುತ್ತೇನೆ. ಹತ್ತನೆಯ ನಿಮಿಷಕ್ಕೆ ಒಂದನ್ನು ಅಡಿಕೆಕತ್ತರಿಯಲ್ಲಿ ಅಡ್ಡಲಾಗಿ ಕತ್ತರಿಸಿ ನೋಡುವುದು ನನ್ನ ರೂಢಿ. ನಮ್ಮ ಓವನ್ನಿನ ಹಿಂಬದಿ ಯಾವಾಗಲೂ ಹೆಚ್ಚು ಕಾಯುತ್ತದೆ. ಟ್ರೇಯನ್ನು ತಿರುಗಿಸದಿದ್ದರೆ ಒಂದೇ ಟ್ರೇಯಲ್ಲಿ ಎರಡು ಬಣ್ಣದ ಬಾದಾಮಿ ಸಿಗುತ್ತದೆ.

ಗೋಡಂಬಿಗೆ ಬೇಕಾದದ್ದು ಎಚ್ಚರ. ಸಿಪ್ಪೆಯ ರಕ್ಷಣೆ ಇಲ್ಲದ ಬಿಳಿ ಮೈ, ಪಿಷ್ಟ ಮತ್ತು ಸಕ್ಕರೆಯ ಅಂಶ ಉಳಿದ ಮೂರಕ್ಕಿಂತ ಹೆಚ್ಚು, ಹಾಗಾಗಿ ಕಣ್ಣು ಮಿಟುಕಿಸುವುದರೊಳಗೆ ಕೆಂಪಾಗುತ್ತದೆ. ಇಲ್ಲಿನ ಅಂಗಡಿಗಳಲ್ಲಿ 180, 240, 320 ಎಂದು ಕೇಳುವ ಸಂಖ್ಯೆಗಳು ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, ಎಷ್ಟು ಬೀಜ ತೂಗುತ್ತವೆ ಎಂಬುದರ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ಬೀಜ ದೊಡ್ಡದು. ದೊಡ್ಡ ಬೀಜ, ಸಣ್ಣ ಬೀಜ, ಹೋಳು ಇವುಗಳನ್ನು ಬೆರೆಸಿ ಹುರಿಯಬಾರದು, ಹೋಳು ಯಾವಾಗಲೂ ಮೊದಲು ಸೀಯುತ್ತದೆ. ಬರಿ ಬಾಣಲೆಯಲ್ಲಿ ತೀರ ಸಣ್ಣ ಉರಿಯ ಮೇಲೆ ಆರೇಳು ನಿಮಿಷ ಸಾಕು. ಪಾಯಸಕ್ಕೆಂದು ತುಪ್ಪದಲ್ಲಿ ಹುರಿಯುವುದಾದರೆ ಎರಡೇ ನಿಮಿಷ. ದ್ರಾಕ್ಷಿಯನ್ನು ಜೊತೆಯಲ್ಲಿ ಹಾಕದೆ, ಗೋಡಂಬಿಯನ್ನು ಎತ್ತಿದ ಬಳಿಕ ಅದೇ ತುಪ್ಪಕ್ಕೆ ಹಾಕಬೇಕು.

ಆಕ್ರೋಟನ್ನು ಹುರಿಯಲೇಬೇಕೆಂದಿಲ್ಲ, ಆದರೆ ಹುರಿದರೆ ಅದರ ತೆಳು ಸಿಪ್ಪೆಯ ಒಗರನ್ನು ಕಳೆಯಬಹುದು. 150 ಡಿಗ್ರಿಯಲ್ಲಿ ಏಳೆಂಟು ನಿಮಿಷ ಇಟ್ಟು, ಬಿಸಿ ಇರುವಾಗಲೇ ಒರಟು ಬಟ್ಟೆಯಲ್ಲಿ ಸುತ್ತಿ ಉಜ್ಜಿದರೆ ಸಿಪ್ಪೆಯ ಬಹುಪಾಲು ಬಿಡುತ್ತದೆ. ನೂರು ಗ್ರಾಮಿನಲ್ಲಿ ಸುಮಾರು 65 ಗ್ರಾಂ ಕೊಬ್ಬಿರುವ, ಅದೂ ಗಾಳಿ ತಾಗಿದರೆ ಬೇಗ ಕೆಡುವ ಬಗೆಯ ಕೊಬ್ಬಿರುವ ಬೀಜವಿದು. ಹುರಿದಿಟ್ಟರೆ ಕಮಟು ವಾಸನೆ ಬೇಗ ಬರುತ್ತದೆ. ಅಂದಂದಿಗೆ ಬೇಕಾದಷ್ಟನ್ನೇ ಹುರಿದು, ಉಳಿದದ್ದನ್ನು ಹಸಿಯಾಗಿಯೇ ಫ್ರಿಜ್ಜಿನಲ್ಲಿಡುತ್ತೇನೆ. ಪಿಸ್ತಾ ಸಾಮಾನ್ಯವಾಗಿ ಹುರಿದು ಉಪ್ಪು ಹಾಕಿದ್ದೇ ಸಿಗುವುದರಿಂದ ಅದರ ತಂಟೆಗೆ ಹೋಗುವುದಿಲ್ಲ.

ಚಳ್ಳಕೆರೆಯಲ್ಲಿ ಹುರಿದ ಶೇಂಗಾ ತಿಂಗಳಾದರೂ ಗರಿಗರಿಯಾಗಿರುತ್ತಿತ್ತು. ಮಂಗಳೂರಿನ ಜುಲೈ ತಿಂಗಳಲ್ಲಿ ಮುಚ್ಚಳ ತೆರೆದಿಟ್ಟ ಡಬ್ಬಿ ಒಂದು ಸಂಜೆಗೇ ಸಾಕು, ಬೀಜ ಮೆತ್ತಗಾಗುತ್ತದೆ. ಹುರಿದದ್ದು ಪೂರ್ತಿ ಆರಿದೆ ಎಂದು ಕೈಯಿಟ್ಟು ನೋಡಿದ ಮೇಲೆಯೇ ಗಾಜಿನ ಶೀಶೆಗೆ ತುಂಬುತ್ತೇನೆ, ಏಕೆಂದರೆ ಸ್ವಲ್ಪ ಬಿಸಿಯಿದ್ದರೂ ಒಳಗೆ ಬೆವರುತ್ತದೆ. ಮೆತ್ತಗಾದದ್ದನ್ನು 120 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಆರಿಸಿದರೆ ಮತ್ತೆ ಸರಿಹೋಗುತ್ತದೆ. ಕಮಟು ಹಿಡಿದದ್ದಕ್ಕೆ ಮಾತ್ರ ಮದ್ದಿಲ್ಲ.

ಹೋದ ವರ್ಷ ಅದೇ ಹುಡುಗಿಯ ಎರಡನೆಯ ಬಾಣಂತನಕ್ಕೆ ಮತ್ತೆ ಉಂಡೆ ಕಟ್ಟಿದೆ. ಓವನ್ನನ್ನು ಮೊದಲು 150ಕ್ಕೆ ಕಾಯಿಸಿ ಆಕ್ರೋಟು, ಬಳಿಕ ಬಿಸಿ ಏರಿಸಿ ಬಾದಾಮಿ. ಅತ್ತ ಒಲೆಯ ಮೇಲೆ, ಬಾಣಲೆ ಇನ್ನೂ ಹೆಚ್ಚು ಕಾಯದಿರುವಾಗಲೇ ಗೋಡಂಬಿ, ಅದನ್ನು ಎತ್ತಿದ ಮೇಲೆ ಶೇಂಗಾ. ನಾಲ್ಕು ತಟ್ಟೆಗಳೂ ಆರುವಷ್ಟರಲ್ಲಿ ತುಪ್ಪದಲ್ಲಿ ಅಂಟು ಅರಳಿಸಿ, ಉತ್ತತ್ತಿ ಹೆಚ್ಚಿ, ಕೊಬ್ಬರಿ ತುರಿದು, ಬೆಲ್ಲದ ಪಾಕಕ್ಕೆ ಇಟ್ಟೆ.